ಇಲಿಬೋನಿನ ವಾಸನೆ ತೆಗೆಯುವುದು ಹೇಗೆ? ಹೊಸ ಬೋನಿನ ಹತ್ತಿರ ಇಲಿ ಸುಳಿಯುತ್ತಲೇ ಇಲ್ಲ

ಕೊಕ್ಕೋ_ಪುತ್ತೂರು:

ಎಲ್ಲರಿಗೂ ನಮಸ್ಕಾರ. ನಮ್ಮದು ಪುತ್ತೂರಿನ ಹತ್ತಿರ ಎರಡೂವರೆ ಎಕರೆ ಅಡಿಕೆ ತೋಟ. ನಡುವೆ ಸುಮಾರು 350 ಕೊಕ್ಕೋ ಗಿಡ ಇವೆ. ಈ ಸಲ ಇಲಿ ಕಾಟ ವಿಪರೀತ. ಹಣ್ಣಾಗಲು ಬಂದ ಕೋಡುಗಳನ್ನು ತೊಟ್ಟಿನ ಹತ್ತಿರವೇ ಕೊರೆದು ಒಳಗಿನದನ್ನೆಲ್ಲ ತಿಂದು ಹೋಗುತ್ತಿವೆ. ಕಳೆದ ವಾರ ಒಂದೇ ಸಾಲಿನಲ್ಲಿ 40 ಕೋಡು ಹೋಯಿತು.

ವಿಷ ಇಡಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಬೆಕ್ಕು, ನಾಯಿ ಇವೆ. ತೋಟದಲ್ಲಿ ಎರಡು ಕೇರೆಹಾವು ಓಡಾಡುತ್ತವೆ, ಅವು ಸತ್ತರೆ ಇಲಿ ಇನ್ನೂ ಜಾಸ್ತಿ ಆಗುತ್ತದೆ ಅಲ್ವಾ? ಹಾಗಾಗಿ ಬೋನು ತಂದೆ. ನಾಲ್ಕು ತಂತಿಯ ಗೂಡು ಬೋನು, ಎರಡು ಮರದ ಹಲಗೆಯ ಸ್ಪ್ರಿಂಗ್ ಬೋನು. 11 ರಾತ್ರಿ ಆಯಿತು, ಒಂದೂ ಬಿದ್ದಿಲ್ಲ. ಒಣಮೀನು ಇಟ್ಟಿದ್ದೆ, ಅದನ್ನು ಇರುವೆ ತಿಂದು ಮುಗಿಸಿತು.

ಅಪ್ಪ ಹೇಳುವುದು, "ನಿನ್ನ ಕೈ ವಾಸನೆಗೆ ಇಲಿ ಬರುತ್ತಿಲ್ಲ" ಅಂತ. ನನಗೆ ಬೇರೆ ಅನುಮಾನ ಇದೆ. ತಂದ ಮೇಲೆ ಬೋನುಗಳನ್ನು ಪಂಪ್ ಶೆಡ್ಡಿನಲ್ಲಿ ಇಟ್ಟಿದ್ದೆ. ಅಲ್ಲೇ ಕಳೆ ಕೊಚ್ಚುವ ಮೆಷಿನ್, ಪೆಟ್ರೋಲ್ ಕ್ಯಾನು, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಡ್ರಮ್ಮು ಎಲ್ಲ ಇರುತ್ತವೆ. ಬಾಗಿಲಿನ ತಿರುಗಣೆ ಬಿಗಿ ಇತ್ತು ಅಂತ ಹಳೇ ಎಂಜಿನ್ ಆಯಿಲ್ ಬೇರೆ ಹಚ್ಚಿದೆ. ಈಗ ಮೂಗಿನ ಹತ್ತಿರ ಹಿಡಿದರೆ ನನಗೇ ವಾಸನೆ ಬರುತ್ತದೆ. ಇದನ್ನು ಪೂರ್ತಿ ತೆಗೆಯುವುದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮೈಸೂರು_ಅಡುಗೆಮನೆ:

ನಮ್ಮ ಮನೆಯಲ್ಲಿ ಸ್ಪ್ರಿಂಗ್ ಬೋನನ್ನು ಫಿನಾಯಿಲ್ ಹಾಕಿ ತೊಳೆದು ಇಡುತ್ತೇವೆ. ಸುಂಡಿಲಿ ಬೀಳುತ್ತದೆ. ದೊಡ್ಡ ಇಲಿ ಮಾತ್ರ ಇದುವರೆಗೆ ಬಿದ್ದಿಲ್ಲ. ತೋಟಕ್ಕೆ ಇದು ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಹಳೇಹಂಡೆ_ತೀರ್ಥಹಳ್ಳಿ:

ಫಿನಾಯಿಲ್ ಬೇಡ ಮೇಡಂ, ಒಂದು ವಾಸನೆ ಹೋಗಿ ಇನ್ನೊಂದು ಬಂದಂತೆ ಆಗುತ್ತದೆ. ಸುಂಡಿಲಿ ಬೀಳುವುದಕ್ಕೆ ಕಾರಣ ಬೇರೆ. ಅದಕ್ಕೆ ಹೊಸ ವಸ್ತು ಕಂಡರೆ ಕುತೂಹಲ, ಹೋಗಿ ಮೂಸಿ ನೋಡಲೇಬೇಕು. ದೊಡ್ಡ ಇಲಿ ಹಾಗಲ್ಲ. ಅದಕ್ಕೆ ಹೊಸದು ಅಂದರೆ ಭಯ. ನಿನ್ನೆ ಇಲ್ಲದ ಕಲ್ಲೊಂದು ದಾರಿಯಲ್ಲಿ ಇವತ್ತು ಇದ್ದರೂ ಸುತ್ತು ಹಾಕಿಕೊಂಡು ಹೋಗುತ್ತದೆ.

ಪುತ್ತೂರಿನವರೇ, ನಿಮ್ಮ ಅಪ್ಪ ಹೇಳಿದ್ದೂ ಪೂರ್ತಿ ತಪ್ಪಲ್ಲ, ಆದರೆ ನನ್ನ ಓಟು ನಿಮ್ಮ ಅನುಮಾನಕ್ಕೆ. ತೋಟದ ಇಲಿ ದಿನವೂ ಮನುಷ್ಯರ ವಾಸನೆ ಕುಡಿದೇ ಬದುಕುವುದು. ನಾವು ಮುಟ್ಟಿದ ಕೋಡು, ನಾವು ಕಟ್ಟಿದ ಬಾಳೆಗೊನೆ ಎಲ್ಲವನ್ನೂ ತಿನ್ನುತ್ತದೆ. ಅದನ್ನು ದೂರ ಇಡುವುದು ಎಂಜಿನ್ ಆಯಿಲ್, ಪೆಟ್ರೋಲ್, ಬಣ್ಣ, ಕಾರ್ಖಾನೆಯ ಗ್ರೀಸು ಇಂಥವು. ಆಮೇಲೆ ನಿಮ್ಮ ಮನೆ ಬೆಕ್ಕು. ಬೋನಿಗೆ ಬೆಕ್ಕು ಮೈ ಉಜ್ಜಿದರೆ ಆ ಬೋನು ಅವತ್ತಿಗೆ ಮುಗಿಯಿತು ಅಂದುಕೊಳ್ಳಿ.

ನಾನು ಮಾಡುವ ಕ್ರಮ ಹೇಳುತ್ತೇನೆ. ನಮ್ಮ ಮನೆಯಲ್ಲಿ ಇದು ಅಪ್ಪನ ಕಾಲದಿಂದ ಇದೆ.

ನಮ್ಮದು ಕೆಂಪಡಿಕೆ. ಕೊಯ್ಲಿನ ಸಮಯದಲ್ಲಿ ಅಂಗಳದ ಒಲೆ ಮೇಲೆ ಹಂಡೆ ಇಟ್ಟು ಅಡಿಕೆ ಬೇಯಿಸುತ್ತೇವೆ. ಬೇಯಿಸಿದ ನೀರು ಕೆಂಪಗೆ ಗಟ್ಟಿಯಾಗಿ ಚೊಗರು ಆಗುತ್ತದೆ. ಅಪ್ಪ ಬೇಯಿಸುವ ಕೆಲಸ ಎಲ್ಲ ಮುಗಿದ ಮೇಲೆ, ಹಂಡೆಯಿಂದ ಸ್ವಲ್ಪ ಚೊಗರು ಬೇರೆ ಹಳೇ ಡಬ್ಬಕ್ಕೆ ಬಗ್ಗಿಸಿ, ನೀರು ಬೆರೆಸಿ, ಮನೆಯ ಕಬ್ಬಿಣದ ಬೋನುಗಳನ್ನು ಅದರಲ್ಲಿ ಮುಳುಗಿಸಿ ಕುದಿಸುತ್ತಿದ್ದರು. ಅರ್ಧ ಗಂಟೆ ಕುದಿಸಿ, ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ತೆಗೆದರೆ ಬೋನು ಕಾಡಿಗೆಯ ಹಾಗೆ ಕಪ್ಪು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಕಪ್ಪಾಗುವುದನ್ನು ನೋಡಿದ್ದೀರಲ್ಲ, ಅದೇ ಕೆಲಸ. ಚೊಗರಿನ ಒಗರು ಕಬ್ಬಿಣಕ್ಕೆ ಸೇರಿದರೆ ಕಪ್ಪು ಪದರ ಕೂರುತ್ತದೆ. ತುಕ್ಕು ಬೇಗ ಹಿಡಿಯುವುದಿಲ್ಲ, ಹೊಸ ಕಬ್ಬಿಣದ ಹೊಳಪು ಹೋಗುತ್ತದೆ, ವಾಸನೆಯೂ ತೋಟದ್ದೇ ಆಗುತ್ತದೆ. ಅಡಿಕೆ ಮರದ ಮೇಲೇ ಓಡಾಡುವ ಇಲಿಗೆ ಅಡಿಕೆ ವಾಸನೆ ಹೊಸದಲ್ಲವಲ್ಲ.

ಆದರೆ ಕುದಿಸುವ ಮೊದಲು ಎಣ್ಣೆ ಹೋಗಲೇಬೇಕು. ಎಣ್ಣೆ ಇದ್ದ ಕಡೆ ಚೊಗರು ಹಿಡಿಯುವುದಿಲ್ಲ, ಮಚ್ಚೆ ಮಚ್ಚೆ ಆಗುತ್ತದೆ. ಅದಕ್ಕೆ ಅಂಟುವಾಳ. ಒಂದು ಹಿಡಿ ಅಂಟುವಾಳದ ಸಿಪ್ಪೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರಿನಲ್ಲಿ ಬೋನು ಕುದಿಸಿ, ತೆಂಗಿನ ನಾರಿನಿಂದ ಮೂಲೆ ಮೂಲೆ ಉಜ್ಜಿ. ತಿರುಗಣೆ, ಸ್ಪ್ರಿಂಗಿನ ಸುರುಳಿ, ಕೊಂಡಿ ಈ ಮೂರು ಕಡೆ ಎಣ್ಣೆ ಅಡಗಿರುತ್ತದೆ. ನೀರಿನ ಮೇಲೆ ಜಿಡ್ಡಿನ ಬಣ್ಣ ತೇಲುವುದು ನಿಲ್ಲುವವರೆಗೆ ನೀರು ಬದಲಿಸಿ. ನನಗೆ ಸಾಮಾನ್ಯವಾಗಿ ಮೂರು ಸಲ ಬೇಕಾಗುತ್ತದೆ. ನಿಮ್ಮದಕ್ಕೆ ಎಂಜಿನ್ ಆಯಿಲ್ ಹಚ್ಚಿದ್ದೀರಿ, ನಾಲ್ಕು ಆಗಬಹುದು. ಬಟ್ಟೆ ಸೋಪಿನ ಪುಡಿ ಬಳಸಬೇಡಿ, ಅದರ ಸೆಂಟು ವಾರಗಟ್ಟಲೆ ಹೋಗುವುದಿಲ್ಲ.

ನಂತರ ಬೋನನ್ನು ಮನೆಯೊಳಗೆ ತರಬೇಡಿ. ತೋಟದಲ್ಲೇ ಮರಕ್ಕೆ ನೇತುಹಾಕಿ, ಎಂಟು ದಿನ ಗಾಳಿ ಬಿಸಿಲು ಇಬ್ಬನಿ ತಾಗಲಿ.

ಒಂದು ಮಾತು ಖಂಡಿತ ನೆನಪಿಡಿ. ಬೋನನ್ನು ಬೆಂಕಿಗೆ ಹಾಕಿ ಸುಡಬೇಡಿ. ವಾಸನೆ ತೆಗೆಯುವುದಕ್ಕೆ ಅದೇ ಸುಲಭ ಅಂತ ತುಂಬ ಜನ ಮಾಡುತ್ತಾರೆ. ಸ್ಪ್ರಿಂಗ್ ಕೆಂಪಗೆ ಕಾದರೆ ಬಿಗಿ ಹೋಗಿ ಮೆತ್ತಗಾಗುತ್ತದೆ. ತಂತಿ ಬೋನಿನ ಬೆಳ್ಳಗಿನ ಹೊಳಪು ಸತುವಿನ ಲೇಪ. ಅದು ಸುಟ್ಟು ಬರುವ ಹೊಗೆ ಕುಡಿದರೆ ಜ್ವರ ಬರುತ್ತದೆ. ಸುಮಾರು 20 ವರ್ಷದ ಹಿಂದೆ ನಾನು ಹೊಸ ಬೋನು ನಾಲ್ಕನ್ನು ಬಚ್ಚಲೊಲೆಗೆ ಹಾಕಿ ಪಕ್ಕದಲ್ಲೇ ಕೂತಿದ್ದೆ. ಸಂಜೆ ಹೊತ್ತಿಗೆ ಚಳಿ ಹಿಡಿದು ನಡುಗಿದೆ, ಬಾಯೆಲ್ಲ ಲೋಹದ ರುಚಿ. ಡಾಕ್ಟರು ಕೇಳಿ ಕೇಳಿ, ಸತುವಿನ ಹೊಗೆ ಅಂತ ಕಂಡುಹಿಡಿದರು. ಎರಡು ದಿನಕ್ಕೆ ಸರಿಹೋಯಿತು. ಹೆಂಡತಿ, ಮಕ್ಕಳು ಆ ಹೊತ್ತಿಗೆ ಬಚ್ಚಲಲ್ಲಿ ಇರಲಿಲ್ಲ ಅನ್ನುವುದೇ ನನಗೆ ಇವತ್ತಿಗೂ ಸಮಾಧಾನ.

ಕೊಕ್ಕೋ_ಪುತ್ತೂರು:

ತುಂಬಾ ಉಪಕಾರ ಆಯಿತು ಅಣ್ಣ. ಎರಡು ಸಂಶಯ. ನಮ್ಮ ಕಡೆ ಚಾಲಿ ಅಡಿಕೆ, ಬೇಯಿಸುವ ಕ್ರಮವೇ ಇಲ್ಲ, ಚೊಗರು ಎಲ್ಲಿಂದ ತರಲಿ? ಮತ್ತೆ ನನ್ನ ತಂತಿ ಬೋನು ನೀವು ಹೇಳಿದ ಸತುವಿನ ಲೇಪದ್ದೇ. ಅದಕ್ಕೂ ಚೊಗರು ಹಿಡಿಯುತ್ತದಾ?

ಹಳೇಹಂಡೆ_ತೀರ್ಥಹಳ್ಳಿ:

ಸತು ಇರುವವರೆಗೆ ಸರಿಯಾಗಿ ಕಪ್ಪು ಹಿಡಿಯುವುದಿಲ್ಲ. ಅದಕ್ಕೆ ಅಂಟುವಾಳದ ಕುದಿ, ಆಮೇಲೆ ಬರೀ ನೀರಿನ ಕುದಿ, ಆಮೇಲೆ ಗಾಳಿ, ಅಷ್ಟೇ ಸಾಕು. ಹೊಳಪು ಕಾಣದಂತೆ ತೋಟದ ಕೆಸರು ಸವರಿ ಒಣಗಲು ಬಿಡಿ. ನನ್ನ ತಂತಿ ಬೋನುಗಳು ಮೂರನೇ ಮಳೆಗಾಲದ ಮೇಲೆ ಬೂದು ಬಣ್ಣಕ್ಕೆ ತಿರುಗಿದವು. ಅಲ್ಲಿಂದ ಮೇಲೆ ಅವೇ ಚೆನ್ನಾಗಿ ಹಿಡಿಯುವುದು. ಹೊಸ ಬೋನಿಗೆ ವಯಸ್ಸಾಗಬೇಕು.

ಸ್ಪ್ರಿಂಗ್ ಬೋನಿನ ಕಬ್ಬಿಣಕ್ಕೆ ಚೊಗರು ಇಲ್ಲದಿದ್ದರೆ ಅಳಲೆಕಾಯಿ ಜಜ್ಜಿ ಕುದಿಸಿ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಅದೂ ಸಿಗದಿದ್ದರೆ ನಿಮ್ಮ ಅಂಗಳದಲ್ಲಿ ಬಿದ್ದ ಎಳೆ ಅಡಿಕೆ ಉಂಟಲ್ಲ, ಅದನ್ನೇ ಜಜ್ಜಿ ಹಾಕಿ. ಒಗರು ಬೇಕು, ಅಷ್ಟೇ. ಮರದ ಹಲಗೆಯನ್ನು ಮಾತ್ರ ಜಾಸ್ತಿ ಕುದಿಸಬೇಡಿ, ಬಿರುಕು ಬಿಟ್ಟು ಮೊಳೆ ಸಡಿಲ ಆಗುತ್ತದೆ. ಬಿಚ್ಚಲು ಬಂದರೆ ಬಿಚ್ಚಿ ಕಬ್ಬಿಣ ಬೇರೆ ಕುದಿಸಿ, ಹಲಗೆಯನ್ನು ಒಲೆಯ ಬೂದಿಯಲ್ಲಿ ಉಜ್ಜಿ ಬಿಸಿಲಿಗಿಡಿ. ಹಲಗೆ ಎಣ್ಣೆ ಕುಡಿದಿದ್ದರೆ ಅದನ್ನು ಬಿಟ್ಟು ಹೊಸ ತುಂಡು ಹಾಕಿಕೊಳ್ಳಿ. ಮರ ಕುಡಿದ ಎಣ್ಣೆಯನ್ನು ತೆಗೆಯಲು ನನ್ನಿಂದ ಇದುವರೆಗೆ ಆಗಿಲ್ಲ.

ತಿರುಗಣೆಗೆ ಎಣ್ಣೆ ಬೇಕೇ ಬೇಕು ಅಂದರೆ ಒಂದು ಹನಿ ಕೊಬ್ಬರಿ ಎಣ್ಣೆ. ಅದರಾಚೆ ಏನೂ ಬೇಡ.

ಬೋನು ಹಿಡಿಯುವಾಗ ನಾನು ಅಡಿಕೆ ಹಾಳೆಯ ತುಂಡು ಬಳಸುತ್ತೇನೆ. ಕೈಗವಸಿನ ರಬ್ಬರ್ ವಾಸನೆಯೂ ಬೇಡ ಅಂತ ಅದರ ಮೇಲೆ ಹಾಳೆ. ಎಲೆ ಅಡಿಕೆ ಸುಣ್ಣ ಹಾಕಿದ ಕೈಯಲ್ಲಿ, ಸಿಗರೇಟು ಹಿಡಿದ ಕೈಯಲ್ಲಿ ಮುಟ್ಟಬೇಡಿ. ಬೋನು ತುಂಬಿಡುವುದು ಕೊಟ್ಟಿಗೆಯ ಅಟ್ಟದಲ್ಲಿ, ಹಾಳೆ ಸುತ್ತಿ, ತರಗೆಲೆಯ ನಡುವೆ. ಪಂಪ್ ಶೆಡ್ಡಿಗೆ ಮತ್ತೆ ಒಯ್ದರೆ ಮಾಡಿದ್ದೆಲ್ಲ ನೀರುಪಾಲು.

ಈಗ ಮುಖ್ಯ ವಿಷಯ. ಇಷ್ಟೆಲ್ಲ ಮಾಡಿದ ಮೇಲೂ ಮೊದಲ ರಾತ್ರಿಯೇ ಬೋನು ಹೂಡಬೇಡಿ. ನಾಲ್ಕು ರಾತ್ರಿ ಬಾಗಿಲು ಬಾಳೆನಾರಿನಲ್ಲಿ ತೆರೆದೇ ಕಟ್ಟಿ, ಒಳಗೆ ತಿನ್ನಲು ಇಡಿ. ತಿಂದು ಹೋಗಲಿ. ಭಯ ಬಿಡಲಿ. ಐದನೇ ರಾತ್ರಿ ನಾರು ಬಿಚ್ಚಿ, ಆರನ್ನೂ ಒಟ್ಟಿಗೆ ಹೂಡಿ. ಒಂದೊಂದಾಗಿ ಹೂಡಿದರೆ ಒಂದು ಬೀಳುತ್ತದೆ, ಉಳಿದವು ಕಲಿಯುತ್ತವೆ.

ಒಣಮೀನು ಬಿಡಿ, ನೀವೇ ಹೇಳಿದಂತೆ ಅದು ಇರುವೆಗೆ ಊಟ. ತೆಂಗಿನಕಾಯಿ ಹೋಳನ್ನು ಕೆಂಡದ ಮೇಲೆ ಅಂಚು ಕಪ್ಪಾಗುವಷ್ಟು ಸುಟ್ಟು, ದಾರದಲ್ಲಿ ಕೊಕ್ಕೆಗೆ ಬಿಗಿಯಾಗಿ ಕಟ್ಟಿ. ಎಳೆದರೆ ಮಾತ್ರ ಬರಬೇಕು. ಸುಟ್ಟ ಕಾಯಿಯ ಪರಿಮಳ ತೋಟದಲ್ಲಿ ತುಂಬ ದೂರ ಹೋಗುತ್ತದೆ.

ಮಿನ್ನೆಸೋಟ_ಕನ್ನಡಿಗ:

ಚೊಗರಿನ ಮಾತು ಓದಿ ಬೆರಗಾದೆ. ಇಲ್ಲಿ ನನ್ನ ಪಕ್ಕದ ಮನೆಯ ಹಿರಿಯರು ಲೈಸೆನ್ಸ್ ಪಡೆದು ಚಳಿಗಾಲದಲ್ಲಿ ನರಿ, ರಕೂನ್ ಹಿಡಿಯುತ್ತಾರೆ. ಅವರೂ ಉಕ್ಕಿನ ಬೋನುಗಳಿಗೆ ಮಾಡುವುದು ಇದನ್ನೇ! ಮೊದಲು ಕಾರ್ಖಾನೆಯ ಎಣ್ಣೆ ತೊಳೆಯುತ್ತಾರೆ. ಹೊರಗೆ ನೇತುಹಾಕಿ ತೆಳ್ಳಗೆ ತುಕ್ಕು ಬರಲು ಬಿಡುತ್ತಾರೆ. ನುಣುಪು ಉಕ್ಕಿಗೆ ಬಣ್ಣ ಹಿಡಿಯುವುದಿಲ್ಲ ಅನ್ನುತ್ತಾರೆ. ಆಮೇಲೆ ಲಾಗ್‌ವುಡ್ ಅನ್ನುವ ಮರದ ಪುಡಿ ಹಾಕಿ ಕುದಿಸುತ್ತಾರೆ. ಅದು ಮಧ್ಯ ಅಮೆರಿಕದ ಮರ, ಬಟ್ಟೆಗೆ ಬಣ್ಣ ಹಾಕಲು ಹಿಂದೆಲ್ಲ ಬಳಸುತ್ತಿದ್ದರಂತೆ. ಹಳಬರು ವಾಲ್‌ನಟ್ ಕಾಯಿಯ ಹೊರ ಸಿಪ್ಪೆ, ಓಕ್ ಮರದ ತೊಗಟೆ ಬಳಸುತ್ತಿದ್ದರು. ಎಲ್ಲದರಲ್ಲೂ ಇರುವುದು ಅದೇ ಒಗರು.

ಕೊನೆಗೆ ಮೇಣ. ಕರಗಿದ ಮೇಣದಲ್ಲಿ ಬೋನು ಅದ್ದಿ ತೆಗೆಯುತ್ತಾರೆ. ತುಕ್ಕು ಬರುವುದಿಲ್ಲ, ಮಂಜಿನಲ್ಲೂ ಬೋನು ಬೇಗ ಮುಚ್ಚುತ್ತದೆ. ಇಲ್ಲಿ ವಾಸನೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ ನರಿ ಊರಿನ ಇಲಿಯಂತಲ್ಲ. ನೆಲದಲ್ಲಿ ಹೂತ ಬೋನಿನಲ್ಲಿ ಕಬ್ಬಿಣದ, ಕೈಯ ವಾಸನೆ ಬಂದರೆ ಕೆದರಿ ಹೊರಗೆ ಹಾಕಿ ಹೋಗುತ್ತದೆ.

ಪುತ್ತೂರಿನವರಿಗೆ ಒಂದು ಎಚ್ಚರಿಕೆ. ಮೈಮೇಲೆ ಬಡಿದು ಕೊಲ್ಲುವ ದೊಡ್ಡ ಸ್ಪ್ರಿಂಗಿನ ಬೋನುಗಳಿಗೆ ಇವರು ಮೇಣ ಹಚ್ಚುವುದೇ ಇಲ್ಲ. ಕೊಂಡಿ ಜಾರಿ ಹೂಡುವವರ ಕೈಗೇ ಬಡಿಯುತ್ತದೆ. ನಿಮ್ಮ ಸ್ಪ್ರಿಂಗ್ ಬೋನಿಗೂ ಅದು ಅನ್ವಯಿಸುತ್ತದೆ ಅನ್ನಿಸುತ್ತದೆ.

ಹಳೇಹಂಡೆ_ತೀರ್ಥಹಳ್ಳಿ:

ಸರಿಯಾಗಿ ಹೇಳಿದಿರಿ. ನಾನು ಜೇನುಮೇಣವನ್ನು ಸ್ಪ್ರಿಂಗ್ ಬೋನಿನ ತಂತಿಗೆ ಮಾತ್ರ ಬಟ್ಟೆಯಲ್ಲಿ ಸವರುತ್ತೇನೆ, ಕೊಂಡಿಗೆ ಮುಟ್ಟಿಸುವುದಿಲ್ಲ. ಮೇಣ ಕರಗಿಸುವವರು ಪಾತ್ರೆಯನ್ನು ನೇರ ಬೆಂಕಿ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಸಿಡಿಯುತ್ತದೆ.

ಸಾವಿರಾರು ಮೈಲಿ ದೂರದಲ್ಲಿ ಯಾರೋ ನಮ್ಮಪ್ಪನ ಹಾಗೇ ಬೋನು ಕುದಿಸುತ್ತಿದ್ದಾರೆ ಅಂತ ಕೇಳಿ ತುಂಬಾ ಖುಷಿಯಾಯಿತು. ಅವರಿಗೆ ನನ್ನ ನಮಸ್ಕಾರ ಹೇಳಿ.

ಕೃಷಿ_ಓದು:

ನಾನು ಕೃಷಿ ಕಾಲೇಜಿನಲ್ಲಿ ಓದಿದವಳು. ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು, ಎಲ್ಲ ವಾಸನೆಯೂ ಕೆಟ್ಟದ್ದಲ್ಲ. ಒಂದು ಇಲಿ ನೆಮ್ಮದಿಯಾಗಿ ಓಡಾಡಿ ಹೋದ ಬೋನಿನ ಹತ್ತಿರ ಇನ್ನೊಂದು ಇಲಿ ಧೈರ್ಯವಾಗಿ ಬರುತ್ತದೆ. ಆದರೆ ಹೆದರಿದ ಇಲಿ ಬಿಡುವ ವಾಸನೆ ಬೇರೆ. ಜಪಾನಿನ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಹೆದರಿದ ಗಂಡು ಇಲಿಯ ಮೈಯಿಂದ ಬರುವ ವಾಸನೆಗೆ ಬೇರೆ ಇಲಿಗಳೂ ಗಾಬರಿ ಆಗುತ್ತವೆ. ಹಾಗಾಗಿ ಒಂದು ಬಿದ್ದ ಮೇಲೆ, ರಕ್ತ ಆಗಿದ್ದರೆ ಅಥವಾ ಇಲಿ ತುಂಬ ಹೊತ್ತು ಒದ್ದಾಡಿದ್ದರೆ ಕುದಿನೀರಿನಲ್ಲಿ ತೊಳೆಯಿರಿ. ಬೆಳಕು ಹರಿಯುತ್ತಲೇ ಬೋನು ನೋಡಿ. ಪ್ರಾಣಿಯನ್ನು ಇಡೀ ದಿನ ಅದರಲ್ಲಿ ನರಳಲು ಬಿಡುವುದು ಸರಿಯಲ್ಲ.

ಎರಡನೆಯದು ಇಲಿ ಜ್ವರ. ಇಲಿಯ ಮೂತ್ರದಿಂದ ಬರುತ್ತದೆ, ಕೈ ಕಾಲಿನ ಗಾಯದ ಮೂಲಕ ಒಳಗೆ ಹೋಗುತ್ತದೆ. ಬೋನಿನ ತಳದಲ್ಲಿ ಮೂತ್ರ ಇದ್ದೇ ಇರುತ್ತದೆ. ಹಾಗಾಗಿ ಹಾಳೆ ಇರಲಿ, ಒಳಗೆ ಕೈಗವಸು ಇರಲೇಬೇಕು. ಬರಿಗಾಲಿನಲ್ಲಿ ಕೆಸರಿನಲ್ಲಿ ನಿಂತು ತೊಳೆಯಬೇಡಿ. ಈ ರೋಗಾಣು ಒಣ ಜಾಗದಲ್ಲಿ, ಬಿಸಿಲಿನಲ್ಲಿ ಬದುಕುವುದಿಲ್ಲ. ಕುದಿಸುವುದು, ಬಿಸಿಲಿಗೆ ಇಡುವುದು ಎರಡೂ ವಾಸನೆಗೂ ಒಳ್ಳೆಯದು, ನಿಮ್ಮ ಆರೋಗ್ಯಕ್ಕೂ ಒಳ್ಳೆಯದು. ಜ್ವರ, ಮೈಕೈ ನೋವು ಬಂದರೆ ಇಲಿ ಹಿಡಿದ ವಿಷಯ ಡಾಕ್ಟರಿಗೆ ಹೇಳಿ.

ಮತ್ತೆ, ತೊಟ್ಟಿನ ಹತ್ತಿರ ಕೊರೆದದ್ದು ಇಲಿಯೇ ಸರಿ. ಕೋಡಿನ ನಡುವೆ ತೂತಿದ್ದರೆ ಅಳಿಲು. ಬೋನಿನಲ್ಲಿ ಅಳಿಲು ಬಿದ್ದರೆ ಬಿಟ್ಟುಬಿಡಿ. ಹಣ್ಣಾದ ಕೋಡನ್ನು ಗಿಡದಲ್ಲೇ ಬಿಡದೆ ಬೇಗ ಬೇಗ ಕೊಯ್ಯಿರಿ. ಹಬ್ಬದ ಊಟ ಗಿಡದಲ್ಲೇ ಇದ್ದರೆ ಬೋನಿನ ಕಾಯಿ ಹೋಳು ಯಾರಿಗೆ ಬೇಕು?

ಬೆಟ್ಟದಂಚು:

ಇದೇ ರೀತಿ ಕ್ಲಚ್ ವೈರನ್ನೂ ಕುದಿಸಿ ವಾಸನೆ ತೆಗೆಯಬಹುದಾ? ನಮ್ಮ ಗದ್ದೆಗೆ ಹಂದಿ ಬರುತ್ತದೆ, ಉರುಳು ಹಾಕೋಣ ಅಂತ.

ಹಳೇಹಂಡೆ_ತೀರ್ಥಹಳ್ಳಿ:

ದಯವಿಟ್ಟು ಬೇಡ. ನಿಮ್ಮ ನಷ್ಟ ನನಗೆ ಅರ್ಥವಾಗುತ್ತದೆ, ನಮ್ಮ ಗದ್ದೆಯನ್ನೂ ಹಂದಿ ಉತ್ತು ಹಾಕಿದೆ. ಆದರೆ ಉರುಳು ಹಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಉರುಳಿಗೆ ಯಾರು ಬರುತ್ತಾರೆ ಅಂತ ಗೊತ್ತಿಲ್ಲ. ನಮ್ಮ ಊರಿನ ಬೇಲಿಯಲ್ಲಿ ಯಾರೋ ಹಂದಿಗೆ ಹಾಕಿದ ತಂತಿಗೆ ಚಿರತೆ ಸಿಕ್ಕಿ, ಹೊಟ್ಟೆ ಕುಯ್ದುಕೊಂಡು ಸತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದರ ಕೂಗು ಆ ರಾತ್ರಿ ಇಡೀ ಕೇರಿಗೆ ಕೇಳಿತ್ತು. ನಾನು ಇಲ್ಲಿ ಬರೆದದ್ದು ಇಲಿಗೆ ಮಾತ್ರ. ಹಂದಿಯ ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಪರಿಹಾರ ಕೊಡುವ ವ್ಯವಸ್ಥೆ ಇದೆ. ಸೋಲಾರ್ ಬೇಲಿ ವಿಚಾರಿಸಿ. ವೈರು ಮಾತ್ರ ಬೇಡ.

ಬೆಟ್ಟದಂಚು:

ಸರಿ. ಹಾಕುವುದಿಲ್ಲ. ಅರ್ಜಿ ವಿಚಾರಿಸುತ್ತೇನೆ.

ಕೊಕ್ಕೋ_ಪುತ್ತೂರು:

ನಾಲ್ಕು ವಾರ ಆಯಿತು. ಏನಾಯಿತು ಅಂತ ಹೇಳಲು ಬಂದೆ.

ತಂತಿ ಬೋನುಗಳನ್ನು ಅಂಟುವಾಳದಲ್ಲಿ ಕುದಿಸಿದೆ. ನೀವು ಹೇಳಿದಂತೆ ನಾಲ್ಕು ಸಲವೇ ಬೇಕಾಯಿತು, ಮೊದಲ ನೀರಿನ ಮೇಲೆ ಎಣ್ಣೆ ಕಾಮನಬಿಲ್ಲಿನ ಹಾಗೆ ತೇಲಿತು. ಸ್ಪ್ರಿಂಗ್ ಬೋನಿನ ಹಲಗೆ ಎಣ್ಣೆ ಕುಡಿದಿತ್ತು, ಹಲಸಿನ ಮರದ ಹೊಸ ತುಂಡು ಹಾಕಿದೆ. ಕಬ್ಬಿಣವನ್ನು ಅಳಲೆಕಾಯಿಯಲ್ಲಿ ಕುದಿಸಿದ್ದು ಅಪ್ಪ. ಕಪ್ಪಾಗಿ ಹೊರಗೆ ಬಂದಾಗ ಅವರಿಗೆ ಆದ ಸಂತೋಷ ನೋಡಬೇಕಿತ್ತು.

ಎಂಟು ದಿನ ಪೇರಳೆ ಮರದಲ್ಲಿ ನೇತುಹಾಕಿದೆ. ಆಮೇಲೆ ನಾಲ್ಕು ಬೋನನ್ನು ಕೊಕ್ಕೋ ಗಿಡದ ಕವಲಿನಲ್ಲಿ ಬಾಳೆನಾರಿನಿಂದ ಕಟ್ಟಿದೆ, ಎರಡನ್ನು ಕಟ್ಟೆಯ ಬುಡದಲ್ಲಿ ಇಟ್ಟೆ. ಮೊದಲ ಎರಡು ರಾತ್ರಿ ಸುಟ್ಟ ಕಾಯಿ ಹಾಗೇ ಇತ್ತು. ಮೂರನೇ ರಾತ್ರಿ ಮೂರು ಬೋನಿನಲ್ಲಿ ಖಾಲಿ. ನಾಲ್ಕನೇ ರಾತ್ರಿ ಐದರಲ್ಲಿ. ಹೂಡಿಬಿಡೋಣ ಅಂತ ಕೈ ತುರಿಸುತ್ತಿತ್ತು, ತಡೆದುಕೊಂಡೆ. ಐದನೇ ರಾತ್ರಿ ಆರನ್ನೂ ಹೂಡಿದೆ. ಬೆಳಿಗ್ಗೆ ನೋಡಿದರೆ ನಾಲ್ಕು ಇಲಿ! ಮರುದಿನ ಎರಡು. ಆಮೇಲೆ ಮೂರು ರಾತ್ರಿ ಏನೂ ಇಲ್ಲ. ಜಾಗ ಬದಲಿಸಿ ಮತ್ತೆ ನಾಲ್ಕು ದಿನ ತೆರೆದಿಟ್ಟೆ, ಇನ್ನೂ ಮೂರು ಬಿದ್ದವು. ಒಂದು ದಿನ ಅಳಿಲು ಸಿಕ್ಕಿತ್ತು, ಬಿಟ್ಟೆ.

ಈ ವಾರ ಆ ಸಾಲಿನಲ್ಲಿ ಹಾಳಾದ ಕೋಡು ಐದು ಮಾತ್ರ. ವಾರಕ್ಕೆ ಎರಡು ಸಲ ಕೊಯ್ಯುತ್ತಿದ್ದೇನೆ, ಅದರ ಪಾಲೂ ಇದರಲ್ಲಿ ಇರಬಹುದು.

ಒಂದೇ ಬೋನಿಗೆ ಇದುವರೆಗೆ ಏನೂ ಬಿದ್ದಿಲ್ಲ, ತೆಂಗಿನ ಬುಡದಲ್ಲಿ ಇಟ್ಟದ್ದು. ನಿನ್ನೆ ಸಂಜೆ ನೋಡಿದೆ. ನಮ್ಮ ಬೆಕ್ಕು ಅದರ ಮೇಲೆ ಕೂತು ಬಿಸಿಲು ಕಾಯಿಸುತ್ತಿತ್ತು. ಅದನ್ನು ಮತ್ತೆ ಹಂಡೆಗೆ ಹಾಕಿದ್ದೇನೆ.

ಹಳೇಹಂಡೆ_ತೀರ್ಥಹಳ್ಳಿ:

ಒಂಬತ್ತು ಇಲಿ, ವಿಷ ಇಲ್ಲದೆ. ಬಹಳ ಸಂತೋಷ. ಬೆಕ್ಕು ಕೂತ ಬೋನನ್ನು ಈ ಸಲ ಗಿಡದ ಕವಲಿಗೆ ಕಟ್ಟಿ, ತೆಂಗಿನ ಬುಡ ಬೇಡ. ನಮ್ಮ ಕೊಯ್ಲು ಶುರುವಾದ ಮೇಲೆ ಒಂದು ಬಾಟಲಿ ಚೊಗರು ತೆಗೆದಿಡುತ್ತೇನೆ. ತೀರ್ಥಹಳ್ಳಿ ಕಡೆ ಬಂದರೆ ಹೇಳಿ, ತೆಗೆದುಕೊಂಡು ಹೋಗಿ. ಅಪ್ಪನನ್ನೂ ಕರೆದುಕೊಂಡು ಬನ್ನಿ.